ಮಾನಿಟರ್ ಸರಿ ಇದೆ, ಮಗು ಸರಿ ಇಲ್ಲ ಅನ್ನಿಸಿದಾಗ

ಪ್ರಶ್ನೆ: ಮೇಡಂ, ನಾನು ಎನ್‌ಐಸಿಯುನಲ್ಲಿ, ಅಂದರೆ ಆಗ ತಾನೇ ಹುಟ್ಟಿದ ಮಕ್ಕಳ ತೀವ್ರ ನಿಗಾ ವಾರ್ಡಿನಲ್ಲಿ, ಒಂಬತ್ತು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಹೋದ ತಿಂಗಳು ಒಂದು ನೈಟ್ ಡ್ಯೂಟಿಯಲ್ಲಿ, ದಿನ ತುಂಬದೆ ಹುಟ್ಟಿದ ಒಂದು ಮಗುವನ್ನು ನೋಡಿ ಯಾಕೋ ಸರಿ ಇಲ್ಲ ಅನ್ನಿಸಿತು. ಮಾನಿಟರ್‌ನಲ್ಲಿ ಎಲ್ಲ ನಂಬರ್ ಸರಿಯಾಗಿತ್ತು. ಡ್ಯೂಟಿ ಡಾಕ್ಟರಿಗೆ ಹೇಳಿದೆ. ‘ಎಲ್ಲಾ ನಾರ್ಮಲ್ ಇದೆಯಲ್ಲ ಸಿಸ್ಟರ್, ಏನು ಪ್ರಾಬ್ಲಂ?’ ಅಂದರು. ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಬೆಳಗ್ಗೆ ಹೊತ್ತಿಗೆ ಮಗುವಿನ ರಕ್ತದಲ್ಲಿ ನಂಜು ಏರಿತ್ತು. ಹೇಗೋ ಉಳಿಸಿಕೊಂಡರು. ಅದೇ ತಿಂಗಳು ಇನ್ನೊಂದು ಮಗುವಿನ ತಾಯಿಯನ್ನು ನೋಡಿ, ‘ಇವಳು ಮನೆಗೆ ಹೋದ ಮೇಲೆ ಮಗುವನ್ನು ನೋಡಿಕೊಳ್ಳಲ್ಲ’ ಅಂತ ಅಷ್ಟೇ ಗಟ್ಟಿಯಾಗಿ ಅನ್ನಿಸಿತ್ತು. ಮೊನ್ನೆ ಅವರು ಚೆಕಪ್‌ಗೆ ಬಂದಿದ್ದರು. ಮಗು ದುಂಡಗಾಗಿದೆ, ತಾಯಿ ಪ್ರತಿ ಫೀಡೂ ಬರೆದಿಟ್ಟುಕೊಂಡಿದ್ದಾಳೆ. ನನಗೆ ನಾಚಿಕೆಯಾಯಿತು. ಹೊಸದಾಗಿ ಬಂದ ಹುಡುಗಿಯರು ‘ಅಕ್ಕ, ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತೆ?’ ಅಂತ ಕೇಳುತ್ತಾರೆ. ನನಗೇ ಗೊತ್ತಿಲ್ಲ. ಒಳಗಿನಿಂದ ಅನ್ನಿಸಿದ್ದನ್ನು ಯಾವಾಗ ನಂಬಬೇಕು, ಯಾವಾಗ ಬಿಡಬೇಕು?

ಉತ್ತರ: ಸಿಸ್ಟರ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅನ್ನಿಸಿದ್ದು ನಿಜವಾದ ಕತೆ ಹೇಳುವವರು ಬಹಳ ಜನ ಇದ್ದಾರೆ. ಸುಳ್ಳಾದದ್ದನ್ನು ಅದರ ಪಕ್ಕದಲ್ಲೇ ಇಟ್ಟು ಬರೆಯುವವರು ಕಡಿಮೆ. ಎರಡೂ ಸಲ ಅದೇ ಮನಸ್ಸು, ಅಷ್ಟೇ ಗಟ್ಟಿಯಾದ ನಂಬಿಕೆ. ಒಂದು ನಿಜವಾಯಿತು, ಇನ್ನೊಂದು ಸುಳ್ಳಾಯಿತು. ಯಾಕೆ ಹಾಗಾಯಿತು ಅಂತ ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ನಾನು ಮನಶ್ಶಾಸ್ತ್ರ ಪಾಠ ಮಾಡುವವಳು. ಕೆಲಸದಲ್ಲಿ ಪಳಗಿದವರು ಹೇಗೆ ನಿರ್ಧಾರ ಮಾಡುತ್ತಾರೆ ಅನ್ನುವುದು ನನ್ನ ಓದಿನ ವಿಷಯ. ಆ ಓದಿನಲ್ಲಿ ನಿಮ್ಮ ವಾರ್ಡಿಗೇ ದೊಡ್ಡ ಜಾಗ ಇದೆ ಅಂದರೆ ನಿಮಗೆ ಆಶ್ಚರ್ಯ ಆಗಬಹುದು.

ಅಮೆರಿಕದಲ್ಲಿ ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಬೆಂಕಿ ಆರಿಸುವ ದಳದ ಮುಖ್ಯಸ್ಥರನ್ನು ಮಾತಾಡಿಸುತ್ತಾ ಹೋದರು. ಉರಿಯುತ್ತಿರುವ ಮನೆಯ ಮುಂದೆ ನಿಂತು ಅವರು ಹೇಗೆ ನಿರ್ಧಾರ ತೆಗೆದುಕೊಳ್ಳುತ್ತಾರೆ ಅಂತ ತಿಳಿಯುವುದು ಉದ್ದೇಶ. ಅದೇ ದಾರಿಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಬೆತ್ ಕ್ರ್ಯಾಂಡಲ್ ಮುಂದೆ ಎನ್‌ಐಸಿಯು ನರ್ಸ್‌ಗಳನ್ನು ಮಾತಾಡಿಸಿದರು. ಲ್ಯಾಬ್ ರಿಪೋರ್ಟ್ ಬರುವ ಮೊದಲೇ ‘ಈ ಮಗುವಿಗೆ ನಂಜು ಶುರುವಾಗಿದೆ’ ಅಂತ ಹೇಳಿಬಿಡುತ್ತಿದ್ದ ನರ್ಸ್‌ಗಳು ಅವರು. ಹೇಗೆ ಗೊತ್ತಾಯಿತು ಅಂತ ಕೇಳಿದರೆ ನಿಮ್ಮ ಉತ್ತರವೇ ಅವರದೂ. ಸುಮ್ನೆ ಗೊತ್ತಾಯಿತು, ಒಳಗೇ ಅನ್ನಿಸಿತು, ಅಷ್ಟೇ.

ಕ್ರ್ಯಾಂಡಲ್ ಅಲ್ಲಿಗೆ ಬಿಡಲಿಲ್ಲ. ‘ಹೇಗೆ ಗೊತ್ತಾಗುತ್ತೆ’ ಅನ್ನುವ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟರು. ‘ಒಂದು ಮಗುವನ್ನು ನೆನಪು ಮಾಡಿಕೊಳ್ಳಿ. ಆ ದಿನ ಡ್ಯೂಟಿಗೆ ಬಂದಾಗಿನಿಂದ ಏನೇನು ನೋಡಿದಿರಿ, ಏನೇನು ಮಾಡಿದಿರಿ ಹೇಳುತ್ತಾ ಹೋಗಿ’ ಅಂದರು. ಆಗ ಒಂದೊಂದಾಗಿ ಹೊರಗೆ ಬಂತು. ಚರ್ಮದ ಬಣ್ಣದಲ್ಲಿ ಕಂಡೂ ಕಾಣದ ಬದಲಾವಣೆ. ಮುಟ್ಟಿದರೆ ಮೊದಲಿನ ಹಾಗೆ ಚುರುಕಾಗಿ ಅಲ್ಲಾಡುವುದಿಲ್ಲ. ಹೊಟ್ಟೆ ಸ್ವಲ್ಪ ಉಬ್ಬಿದೆ. ಹೀಗೆ ಬಂದ ಗುರುತುಗಳಲ್ಲಿ ಕೆಲವು ಆಗಿನ ಪುಸ್ತಕಗಳಲ್ಲೇ ಇರಲಿಲ್ಲ. ಕೆಲವು ದೊಡ್ಡವರ ನಂಜಿನ ಲಕ್ಷಣಕ್ಕೆ ಪೂರ್ತಿ ಉಲ್ಟಾ. ದೊಡ್ಡವರಿಗೆ ನಂಜಾದರೆ ಸಾಮಾನ್ಯವಾಗಿ ಜ್ವರ ಏರುತ್ತದೆ. ದಿನ ತುಂಬದ ಮಗುವಿಗೆ ಎಷ್ಟೋ ಸಲ ಮೈ ತಣ್ಣಗಾಗುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆ ಅಧ್ಯಯನದ ಒಂದು ಪ್ರಸಂಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಒಬ್ಬ ಹೊಸ ನರ್ಸ್ ಒಂದು ಮಗುವನ್ನು ನೋಡಿಕೊಳ್ಳುತ್ತಿದ್ದಾಳೆ. ಪರೀಕ್ಷೆಗೆ ಅಂತ ಹಿಮ್ಮಡಿ ಚುಚ್ಚಿ ರಕ್ತ ತೆಗೆದಿದ್ದಾರೆ. ಆ ಜಾಗದಿಂದ ಇನ್ನೂ ಸಣ್ಣಗೆ ರಕ್ತ ಜಿನುಗುತ್ತಿದೆ. ಮಗು ಸ್ವಲ್ಪ ಮಂಪರಿನಲ್ಲಿದೆ. ಮೈ ಬಿಸಿ ಕೆಲವು ಗಂಟೆಗಳಿಂದ ಸ್ವಲ್ಪ ಸ್ವಲ್ಪ ಇಳಿಯುತ್ತಾ ಬಂದಿದೆ. ಅದಕ್ಕೆ ಅವಳು ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಯ ಶಾಖ ಜಾಸ್ತಿ ಮಾಡಿದ್ದಾಳೆ. ಎಲ್ಲವನ್ನೂ ನೋಡಿದ್ದಾಳೆ, ಆದರೆ ಒಂದಕ್ಕೊಂದು ಸೇರಿಸಿಲ್ಲ. ಆ ದಾರಿಯಲ್ಲಿ ಹೋಗುತ್ತಿದ್ದ ಹಿರಿಯ ನರ್ಸ್ ಮಗುವಿನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಅವಳಿಗೆ ಎಲ್ಲ ಸೇರಿ ಒಂದೇ ಚಿತ್ರವಾಗಿ ಕಂಡಿತು. ಡಾಕ್ಟರನ್ನು ಕರೆಸಿ ಆಂಟಿಬಯೋಟಿಕ್ ಶುರು ಮಾಡಿಸಿದರು. ಕಲ್ಚರ್ ರಿಪೋರ್ಟ್, ಅಂದರೆ ರಕ್ತದಲ್ಲಿ ರೋಗಾಣು ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆಯ ಫಲ, ಬಂದು ನಂಜು ಖಚಿತವಾದದ್ದು ಆಮೇಲೆ. ಮಗು ಉಳಿಯಿತು.

ಇಲ್ಲಿ ಹಿರಿಯಳಿಗೆ ಹೊಸದಾಗಿ ಏನೂ ಕಾಣಿಸಲಿಲ್ಲ. ಕಿರಿಯಳ ಕಣ್ಣ ಮುಂದೆ ಇದ್ದದ್ದೇ ಇವಳ ಕಣ್ಣ ಮುಂದೆಯೂ ಇತ್ತು. ಇವಳು ಅಂಥ ಮಕ್ಕಳನ್ನು ಮೊದಲು ನೋಡಿದ್ದಳು, ಹಾಗಾಗಿ ಗುರುತು ಹಿಡಿದಳು.

ಹರ್ಬರ್ಟ್ ಸೈಮನ್ ಅಂತ ಒಬ್ಬ ದೊಡ್ಡ ವಿದ್ವಾಂಸರಿದ್ದರು. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಅವರಿಗೆ. ಒಳಗಿನಿಂದ ಅನ್ನಿಸುವುದು ಅಂದರೆ ಗುರುತು ಹಿಡಿಯುವುದು, ಅದಕ್ಕಿಂತ ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ ಅನ್ನುವುದು ಅವರ ಮಾತು. ಅದಕ್ಕೆ ಅವರ ಹತ್ತಿರ ಆಧಾರ ಇತ್ತು. 1973ರಲ್ಲಿ ಅವರೂ ವಿಲಿಯಂ ಚೇಸ್ ಅವರೂ ಸೇರಿ ಚೆಸ್ ಆಟಗಾರರ ಮೇಲೆ ಒಂದು ಪ್ರಯೋಗ ಮಾಡಿದರು. ನಿಜವಾದ ಆಟದ ನಡುವಿನ ಒಂದು ಹಲಗೆಯನ್ನು ಐದೇ ಸೆಕೆಂಡು ತೋರಿಸಿ ಮುಚ್ಚುವುದು. ಯಾವ ಕಾಯಿ ಎಲ್ಲಿತ್ತು ಅಂತ ನೆನಪಿನಿಂದ ಜೋಡಿಸಬೇಕು. ಹೊಸಬರು ನಾಲ್ಕೋ ಐದೋ ಕಾಯಿ ಇಟ್ಟರು. ಮಾಸ್ಟರ್ ಆಟಗಾರ ಹದಿನಾರರ ಹತ್ತಿರ ಇಟ್ಟ. ಆಮೇಲೆ ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದರು. ಮಾಸ್ಟರ್‌ನ ಶಕ್ತಿ ಹೋಯಿತು. ಅವನೂ ಹೊಸಬರ ಸಾಲಿಗೇ ಬಂದ. ಅವನ ನೆನಪಿನ ಶಕ್ತಿ ಎಲ್ಲರ ಹಾಗೇ ಇತ್ತು. ಅವನಿಗೆ ಇದ್ದದ್ದು ಆಟದ ಪರಿಚಯ. ಪರಿಚಯದ ಮುಖಗಳು ಕಾಣದ ಕಡೆ ಅದು ಕೆಲಸಕ್ಕೆ ಬರಲಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಮಾತಿದೆ. ಹದ. ಮಣ್ಣಿನ ಹದ, ಹಿಟ್ಟಿನ ಹದ, ಪಾಕದ ಹದ. ಹದ ಬಲ್ಲವರು ಅಂತ ಹೇಳುತ್ತೇವಲ್ಲ, ಆ ಬಲ್ಲತನ ಕೈಗೆ ಹತ್ತುವುದು ಮಾಡಿ ಮಾಡಿಯೇ.

ನಮ್ಮಮ್ಮ ಸಂಕ್ರಾಂತಿಗೆ ಮುಂಚೆ ಶೇಂಗಾ ಚಿಕ್ಕಿ ಮಾಡುತ್ತಿದ್ದಳು. ಬೆಲ್ಲದ ಪಾಕ ಒಲೆಯ ಮೇಲೆ ಕುದಿಯುತ್ತಿರುತ್ತಿತ್ತು. ಅಮ್ಮ ಇನ್ಯಾರ ಜೊತೆಗೋ ಮಾತಾಡುತ್ತಾ ಇದ್ದವಳು ಇದ್ದಕ್ಕಿದ್ದಂತೆ ತಿರುಗಿ ‘ಬಂತು’ ಅನ್ನುತ್ತಿದ್ದಳು. ಹೇಗೆ ಗೊತ್ತಾಯ್ತಮ್ಮ ಅಂದರೆ, ‘ಅದೇನೋ ಗೊತ್ತಾಗುತ್ತೆ ಕಣೇ’. ಎಷ್ಟು ವರ್ಷ ಕೇಳಿದರೂ ಅದೇ ಉತ್ತರ. ಒಂದು ಸಲ ನಾನು ಪ್ರಶ್ನೆ ಬದಲಾಯಿಸಿದೆ. ಪಾತ್ರೆ ಪಕ್ಕದಲ್ಲೇ ನಿಂತು ನಿಮಿಷಕ್ಕೊಂದು ಸಲ ‘ಈಗ ಬಂತಾ?’ ಅಂತ ಕೇಳಿದೆ. ‘ಇಲ್ಲ, ಗುಳ್ಳೆ ಇನ್ನೂ ಬೇಗ ಬೇಗ ಒಡೀತಿದೆ.’ ‘ಈಗ?’ ‘ಇಲ್ಲ, ಸೌಟು ಇನ್ನೂ ಹಗುರ ಓಡ್ತಿದೆ.’ ‘ಈಗ?’ ‘ತಡಿ, ವಾಸನೆ ತಿರುಗಬೇಕು.’ ನನಗೆ ಮೈ ಜುಮ್ಮೆಂದಿತು. ಗೊತ್ತಿಲ್ಲ ಗೊತ್ತಿಲ್ಲ ಅನ್ನುತ್ತಿದ್ದವಳ ಹತ್ತಿರ ಎಲ್ಲವೂ ಇತ್ತು! ಯಾಕೆ ಬಂತು ಅಂತ ಹೇಳಲು ಬಾರದವಳು, ಯಾಕೆ ಇನ್ನೂ ಬಂದಿಲ್ಲ ಅಂತ ಸಲೀಸಾಗಿ ಹೇಳಿದಳು. ಕ್ರ್ಯಾಂಡಲ್ ಮಾಡಿದ್ದೂ ಇಂಥದ್ದೇ ಕೆಲಸ. ಒಟ್ಟು ಜ್ಞಾನವನ್ನು ಕೇಳಿದರೆ ಬಾಯಿ ಕಟ್ಟುತ್ತದೆ. ಒಂದು ಗಳಿಗೆಯನ್ನು ಕೇಳಿದರೆ ಮಾತು ಬರುತ್ತದೆ.

ಇನ್ನೊಂದು ಮಾತು. ಬಂತು ಅಂದ ಮೇಲೂ ಅಮ್ಮ ಪಕ್ಕದಲ್ಲಿದ್ದ ನೀರಿನ ಬಟ್ಟಲಿಗೆ ಒಂದು ಹನಿ ಪಾಕ ಬಿಡುತ್ತಿದ್ದಳು. ಗಟ್ಟಿಯಾದ ಹನಿಯನ್ನು ಎತ್ತಿ ಬಟ್ಟಲಿಗೆ ಕುಟ್ಟಿದರೆ ಟಣ್ ಅನ್ನಬೇಕು. ನಲವತ್ತು ವರ್ಷ ಪಾಕ ಹಿಡಿದವಳು ಆ ಬಟ್ಟಲನ್ನು ಒಂದು ಸಲವೂ ಬಿಡಲಿಲ್ಲ. ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಈ ಬಟ್ಟಲಿನಲ್ಲಿದೆ. ಅನ್ನಿಸಿಕೆ ಒಲೆಯಿಂದ ಇಳಿಸುವ ಹೊತ್ತು ಬಂತು ಅಂತ ಎಚ್ಚರಿಸುತ್ತದೆ. ಇಳಿಸಬೇಕೋ ಬೇಡವೋ ಅನ್ನುವುದನ್ನು ಹನಿ ಹೇಳುತ್ತದೆ. ಹನಿ ಬಿಡುವವರಿಗೆ ಆ ಎಚ್ಚರಿಕೆ ಇಲ್ಲದಿದ್ದರೆ ಪಾಕ ಯಾವಾಗಲೋ ಹೊತ್ತಿಹೋಗಿರುತ್ತದೆ. ಹಾಗಾಗಿ ಬುದ್ಧಿ ದೊಡ್ಡದೋ ಮನಸ್ಸು ದೊಡ್ಡದೋ ಅನ್ನುವ ಜಗಳ ನನಗೆ ಯಾವತ್ತೂ ಹಿಡಿಸಿಲ್ಲ.

ಇಲ್ಲಿ ಕೆಲವರು ರಾಮಾನುಜನ್ ಹೆಸರು ತೆಗೆಯುತ್ತಾರೆ. ನಾಮಗಿರಿ ದೇವಿ ಕನಸಿನಲ್ಲಿ ಸೂತ್ರ ಹೇಳುತ್ತಿದ್ದಳು ಅಂತ ಅವರೇ ಹೇಳಿಕೊಂಡಿದ್ದರಲ್ಲ, ಅದಕ್ಕೆ ಯಾವ ಪರಿಚಯ, ಯಾವ ಹದ ಅಂತ. ಆದರೆ ಹುಡುಗನಾಗಿದ್ದಾಗ ಅವರ ಕೈಗೆ ಸಿಕ್ಕಿದ್ದು ಸಾವಿರಾರು ಸೂತ್ರಗಳ ಒಂದು ಪುಸ್ತಕ. ಅದನ್ನು ಒಂದೊಂದಾಗಿ ತಾವೇ ಬಿಡಿಸುತ್ತಾ ಹೋದರು. ಕಾಗದ ದುಬಾರಿ, ಹಾಗಾಗಿ ಲೆಕ್ಕ ಸ್ಲೇಟಿನ ಮೇಲೆ. ಮೊಣಕೈಯಿಂದ ಒರೆಸಿ ಮತ್ತೆ ಬರೆಯುವುದು. ನೋಟ್‌ಬುಕ್ಕಿಗೆ ಬಂದದ್ದು ಕೊನೆಯ ಸಾಲು ಮಾತ್ರ. ನಡುವಿನ ಕೆಲಸ ಸ್ಲೇಟಿನಲ್ಲೇ ಅಳಿಸಿಹೋಯಿತು. ಅಂಥವರಿಗೂ ತಪ್ಪು ಆಗಿದೆ. 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಅವರಿಗೆ ಪತ್ರ ಬರೆದಾಗ, ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಅವರು ಗಟ್ಟಿಯಾಗಿ ಹೇಳಿಕೊಂಡದ್ದು ನಿಲ್ಲಲಿಲ್ಲ. ಸೂತ್ರ ಯಾಕೆ ಸರಿ ಅಂತ ಸಾಧಿಸಿ ತೋರಿಸಿ ಅಂತ ಹಾರ್ಡಿ ಪಟ್ಟು ಹಿಡಿದದ್ದು ಸುಮ್ನೆ ಅಲ್ಲ.

ನಿಮ್ಮ ಆ ರಾತ್ರಿಗೆ ಬರುತ್ತೇನೆ. ನಂಬರ್ ಎಲ್ಲ ನಾರ್ಮಲ್ ಇದ್ದರೂ ಮಗು ನಾರ್ಮಲ್ ಇರಲಿಲ್ಲ. ಹೀಗೆ ಆಗಲು ಸಾಧ್ಯ ಅನ್ನುವುದಕ್ಕೆ ಇವತ್ತು ಯಂತ್ರದ ಸಾಕ್ಷಿಯೂ ಇದೆ. ಆರೋಗ್ಯವಾಗಿರುವ ಮಗುವಿನ ಎದೆಬಡಿತ ಗಡಿಯಾರದ ಹಾಗೆ ಒಂದೇ ಸಮ ಇರುವುದಿಲ್ಲ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಹೊತ್ತು ಸ್ವಲ್ಪ ಹಿಗ್ಗುತ್ತದೆ, ಸ್ವಲ್ಪ ಕುಗ್ಗುತ್ತದೆ. ನಂಜು ಶುರುವಾಗುವಾಗ ಆ ಏರಿಳಿತ ಕಡಿಮೆಯಾಗುತ್ತದೆ, ನಡುನಡುವೆ ಬಡಿತ ಒಂದು ಕ್ಷಣ ನಿಧಾನವಾಗಿ ಮತ್ತೆ ಸರಿಹೋಗುತ್ತದೆ. ಮಾನಿಟರ್‌ನಲ್ಲಿ ಕಾಣುವ 150 ಅನ್ನುವ ನಂಬರ್ ಮಾತ್ರ ಹಾಗೇ ಇರುತ್ತದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ರ್‍ಯಾಂಡಲ್ ಮೂರ್ಮನ್ ಅವರ ತಂಡ ಈ ಏರಿಳಿತವನ್ನೇ ಲೆಕ್ಕ ಹಾಕಿ ಅಪಾಯದ ಅಂಕ ಕೊಡುವ ಯಂತ್ರ ಮಾಡಿತು. ತುಂಬ ಕಡಿಮೆ ತೂಕದ 3,003 ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ಅರ್ಧದಷ್ಟು ಮಕ್ಕಳ ವಿಷಯದಲ್ಲಿ ಆ ಅಂಕ ಡಾಕ್ಟರು, ನರ್ಸ್‌ಗಳಿಗೆ ಕಾಣಿಸುತ್ತಿತ್ತು, ಉಳಿದವರದ್ದು ಕಾಣಿಸುತ್ತಿರಲಿಲ್ಲ. ಅಂಕ ಕಾಣುತ್ತಿದ್ದ ಗುಂಪಿನಲ್ಲಿ ಸಾವು ನೂರಕ್ಕೆ 8.1. ಕಾಣದ ಗುಂಪಿನಲ್ಲಿ 10.2. ಫಲಿತಾಂಶ ಬಂದದ್ದು 2011ರಲ್ಲಿ.

ಯೋಚನೆ ಮಾಡಿ ನೋಡಿ. ನೀವು ಮಾನಿಟರ್ ಮುಂದೆ ಒಂಬತ್ತು ವರ್ಷ ಕೂತಿದ್ದೀರಿ. ಆ ಗೆರೆ ಓಡುವುದನ್ನು, ನಂಬರ್ 148, 153, 146 ಅಂತ ಕುಣಿಯುವುದನ್ನು ಕಣ್ಣಂಚಿನಲ್ಲಿ ನೋಡುತ್ತಲೇ ಇದ್ದೀರಿ. ಅದು ಕುಣಿಯುವುದು ನಿಲ್ಲಿಸಿದರೆ ನಿಮಗೆ ಏನೋ ಆಗಿದೆ ಅನ್ನಿಸಬಹುದು, ಅಲ್ವಾ? ಆ ರಾತ್ರಿ ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ನಂಬರ್ ಸರಿಯಿದ್ದಾಗಲೂ ನೋಡಲು ಏನೋ ಇರುತ್ತದೆ, ನಿಮ್ಮ ಕಣ್ಣು ಅದನ್ನು ನೋಡಿರಲು ಸಾಧ್ಯ, ಇಷ್ಟು ಹೇಳುತ್ತಿದ್ದೇನೆ. ಡಾಕ್ಟರ ಮುಂದೆ ನಿಮ್ಮ ಹತ್ತಿರ ಮಾತು ಇರಲಿಲ್ಲ, ನಿಜ. ಕಾರಣ ಇರಲಿಲ್ಲ ಅಂತ ಮಾತ್ರ ದಯವಿಟ್ಟು ಅಂದುಕೊಳ್ಳಬೇಡಿ.

ಈಗ ಆ ತಾಯಿಯ ವಿಷಯ.

ಕ್ಲೈನ್ ಅವರ ಪಕ್ಕಾ ವಿರೋಧಿ ಅಂತ ಎಲ್ಲರೂ ಅಂದುಕೊಂಡಿದ್ದವರು ಡೇನಿಯಲ್ ಕಾನೆಮನ್. ಅನ್ನಿಸಿಕೆ ಎಲ್ಲೆಲ್ಲಿ ಮೋಸ ಮಾಡುತ್ತದೆ ಅಂತ ಜೀವಮಾನ ಪೂರ್ತಿ ತೋರಿಸಿದವರು. ಇಬ್ಬರೂ ಹಲವು ವರ್ಷ ಕೂತು ವಾದ ಮಾಡಿ 2009ರಲ್ಲಿ ಒಟ್ಟಿಗೆ ಒಂದು ಲೇಖನ ಬರೆದರು. ಕೊನೆಗೆ ಇಬ್ಬರೂ ಒಪ್ಪಿದ್ದು ಎರಡು ವಿಷಯಕ್ಕೆ. ಅನ್ನಿಸಿಕೆಯನ್ನು ನಂಬಬೇಕಾದರೆ ಆ ಕೆಲಸದ ಲೋಕದಲ್ಲಿ ಒಂದು ಕ್ರಮ ಇರಬೇಕು. ಇಂಥ ಗುರುತು ಕಂಡರೆ ಇಂಥದ್ದು ಆಗುತ್ತದೆ ಅನ್ನುವ ನಂಟು ನಿಜವಾಗಿ ಇರಬೇಕು. ಜೊತೆಗೆ ಆ ಮನುಷ್ಯನಿಗೆ ಕಲಿಯಲು ಅವಕಾಶ ಸಿಕ್ಕಿರಬೇಕು. ಅಂದರೆ ಬಹಳ ಸಲ ಮಾಡಿರಬೇಕು, ಸರಿಯೋ ತಪ್ಪೋ ಅಂತ ಬೇಗ ತಿಳಿದಿರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ, ಎಷ್ಟು ಗಟ್ಟಿಯಾಗಿ ಅನ್ನಿಸಿದರೂ ಅದಕ್ಕೆ ಬೆಲೆ ಇಲ್ಲ. ಗಟ್ಟಿಯಾಗಿ ಅನ್ನಿಸುವುದು ನಿಜದ ಗುರುತಲ್ಲ ಅನ್ನುವುದನ್ನು ಅವರು ಒತ್ತಿ ಹೇಳಿದರು.

ನಿಮ್ಮ ಎರಡು ಪ್ರಸಂಗವನ್ನು ಇದರ ಪಕ್ಕ ಇಡಿ. ಮಗುವಿನ ಮೈಗೆ ಒಂದು ಕ್ರಮ ಇದೆ. ನೀವು ಸಾವಿರಾರು ಮಕ್ಕಳನ್ನು ನೋಡಿದ್ದೀರಿ. ರಾತ್ರಿ ಅನ್ನಿಸಿದ್ದು ನಿಜವೋ ಸುಳ್ಳೋ ಅಂತ ಬೆಳಗಿನ ಹ್ಯಾಂಡೋವರ್ ಹೊತ್ತಿಗೆ, ಜಾಸ್ತಿ ಅಂದರೆ ಕಲ್ಚರ್ ಬಂದಾಗ ಗೊತ್ತಾಗುತ್ತದೆ. ಪ್ರತಿ ರಾತ್ರಿಯೂ ಪಾಠ, ಪ್ರತಿ ಬೆಳಗ್ಗೆಯೂ ಉತ್ತರ. ತಾಯಂದಿರ ವಿಷಯದಲ್ಲಿ ಹಾಗೇನಾದರೂ ಇದೆಯಾ? ಡಿಸ್ಚಾರ್ಜ್ ಆಗಿ ಹೋದ ಮೇಲೆ ಅವರು ಮಗುವನ್ನು ಹೇಗೆ ನೋಡಿಕೊಂಡರು ಅನ್ನುವುದು ನಿಮ್ಮ ಕಿವಿಗೆ ಬೀಳುವುದು ಅಪರೂಪ. ಈ ಸಲ ತಾಯಿ ಚೆಕಪ್‌ಗೆ ಬಂದಿದ್ದರಿಂದ ತಿಳಿಯಿತು. ಮೊದಲು ಹೀಗೆ ಅನ್ನಿಸಿದ ಎಷ್ಟೋ ತಾಯಂದಿರ ಉತ್ತರ ನಿಮಗೆ ಬಂದೇ ಇಲ್ಲ. ಉತ್ತರ ಬರದ ಕಡೆ ನಾವು ನಮ್ಮ ಊಹೆಯನ್ನೇ ಸರಿ ಅಂತ ಲೆಕ್ಕ ಹಾಕಿಕೊಂಡು ಮುಂದೆ ಹೋಗುತ್ತೇವೆ. ಹತ್ತು ವರ್ಷ ಹೀಗೆ ಹೋದರೆ ಅದನ್ನೇ ಅನುಭವ ಅಂತ ಕರೆಯುತ್ತೇವೆ.

ಇದು ನನಗೂ ಆಗಿದೆ. ಹಲವು ವರ್ಷ ನಾನು ಸ್ನಾತಕೋತ್ತರ ತರಗತಿಗೆ ವಿದ್ಯಾರ್ಥಿಗಳನ್ನು ಆರಿಸುವ ಸಂದರ್ಶನದಲ್ಲಿ ಕೂತಿದ್ದೇನೆ. ಹುಡುಗ ಒಳಗೆ ಬಂದು ಕೂತ ಎರಡು ನಿಮಿಷಕ್ಕೆ ಆಗುತ್ತಾನೋ ಇಲ್ಲವೋ ಹೇಳಬಲ್ಲೆ ಅಂತ ನಂಬಿದ್ದೆ. ಆರಿಸಿದವರಲ್ಲಿ ಬಹಳ ಜನ ಚೆನ್ನಾಗಿ ಓದಿದರು. ನನ್ನ ನಂಬಿಕೆ ಇನ್ನೂ ಬಲವಾಯಿತು. ಒಂದು ದಿನ ಬೇರೆ ಊರಿನ ಒಂದು ವಿಚಾರ ಸಂಕಿರಣದಲ್ಲಿ ಒಬ್ಬ ಹುಡುಗಿ ಬಹಳ ಒಳ್ಳೆಯ ಪ್ರಬಂಧ ಓದಿದಳು. ಆಮೇಲೆ ಹತ್ತಿರ ಬಂದು ನಮಸ್ಕಾರ ಮಾಡಿ, ‘ಮೇಡಂ, ನೀವು ನನ್ನ ಸಂದರ್ಶನ ಮಾಡಿದ್ರಿ, ಸೀಟ್ ಸಿಗಲಿಲ್ಲ’ ಅಂದಳು. ಬೇಡ ಅಂದವರೆಲ್ಲ ಏನಾದರು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಆ ರಾತ್ರಿ ಬಸ್ಸಿನಲ್ಲಿ ಬರುವಾಗ ನನಗೆ ನಿದ್ದೆ ಹತ್ತಲಿಲ್ಲ.

ಹಾಗಾದರೆ ಮನುಷ್ಯರ ವಿಷಯದಲ್ಲಿ ಅನ್ನಿಸಿದ್ದನ್ನೆಲ್ಲ ಪೂರ್ತಿ ಬಿಟ್ಟುಬಿಡಬೇಕಾ? ಬೇಡ. ಇದಕ್ಕೂ ಕಾನೆಮನ್ ಅವರದ್ದೇ ಒಂದು ಅನುಭವ ಇದೆ. 1955ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇಸ್ರೇಲಿನ ಸೈನ್ಯಕ್ಕೆ ಹುಡುಗರನ್ನು ಸಂದರ್ಶನ ಮಾಡುವ ಕ್ರಮ ಸರಿಪಡಿಸುವ ಕೆಲಸ ಅವರ ಮೇಲೆ ಬಿತ್ತು. ಅಲ್ಲಿವರೆಗೆ ಸಂದರ್ಶಕರು ಹುಡುಗನ ಜೊತೆ ಹದಿನೈದಿಪ್ಪತ್ತು ನಿಮಿಷ ಮಾತಾಡಿ, ಒಟ್ಟಾರೆ ಹೇಗೆ ಅನ್ನಿಸಿತೋ ಹಾಗೆ ಅಂಕ ಕೊಡುತ್ತಿದ್ದರು. ಆ ಅಂಕಕ್ಕೂ ಮುಂದೆ ಹುಡುಗ ಸೈನ್ಯದಲ್ಲಿ ಹೇಗಿದ್ದ ಅನ್ನುವುದಕ್ಕೂ ನಂಟೇ ಇರಲಿಲ್ಲ ಅನ್ನಬಹುದು. ಕಾನೆಮನ್ ಆರು ಗುಣ ಆರಿಸಿದರು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತಿದ್ದನಾ, ಗೆಳೆಯರ ಜೊತೆ ಎಷ್ಟು ಸಲ ಸೇರುತ್ತಿದ್ದ, ಇಂಥ ನಡೆದ ಸಂಗತಿಗಳನ್ನೇ ಕೇಳಿ ಒಂದೊಂದು ಗುಣಕ್ಕೂ ಬೇರೆ ಬೇರೆ ಅಂಕ ಕೊಡಿ ಅಂದರು. ಸಂದರ್ಶಕರಿಗೆ ಸಿಟ್ಟು ಬಂತು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಅಂದರು. ಸರಿ, ಆರಕ್ಕೂ ಅಂಕ ಕೊಟ್ಟಾದ ಮೇಲೆ ಕಣ್ಣು ಮುಚ್ಚಿ, ಹುಡುಗನನ್ನು ಸೈನಿಕನಾಗಿ ಕಲ್ಪಿಸಿಕೊಂಡು, ಅನ್ನಿಸಿದ ಅಂಕ ಒಂದು ಕೊಡಿ ಅಂತ ಕಾನೆಮನ್ ಒಪ್ಪಿಕೊಂಡರು. ಆರು ಅಂಕಗಳ ಮೊತ್ತ ಹಳೆಯ ಕ್ರಮಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು. ಅವರಿಗೇ ಆಶ್ಚರ್ಯ ಆದದ್ದು ಇನ್ನೊಂದು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಮನುಷ್ಯರು ಅವರೇ. ಮೊದಲಿಗೇ ಅನ್ನಿಸಿದ್ದು ಕೆಲಸಕ್ಕೆ ಬಾರದ್ದಾಗಿತ್ತು. ಸಂಗತಿಗಳನ್ನೆಲ್ಲ ಕೇಳಿ ತಿಳಿದ ಮೇಲೆ ಅನ್ನಿಸಿದ್ದು ಕೆಲಸಕ್ಕೆ ಬಂತು.

ಹಾಗಾಗಿ ಮುಂದಿನ ಸಲ ಒಬ್ಬ ತಾಯಿಯ ಬಗ್ಗೆ ಏನಾದರೂ ಅನ್ನಿಸಿದರೆ, ಮನಸ್ಸಿನಲ್ಲಿ ಮುದ್ರೆ ಒತ್ತುವ ಮೊದಲು ಕೆಲವು ವಿಷಯ ಕೇಳಿ. ದಿನಕ್ಕೆ ಎಷ್ಟು ಹೊತ್ತು ಕಾಂಗರೂ ಕೇರ್ ಕೊಡುತ್ತಿದ್ದಾಳೆ, ಅಂದರೆ ಮಗುವನ್ನು ಎದೆಗೆ ಮೈ ತಾಗುವ ಹಾಗೆ ಇಟ್ಟುಕೊಳ್ಳುತ್ತಿದ್ದಾಳೆ? ಹಾಲು ತೆಗೆದು ಕಳಿಸುತ್ತಿದ್ದಾಳಾ? ಮನೆಯಲ್ಲಿ ಯಾರಿದ್ದಾರೆ? ಅವಳು ಮಾತಾಡದೆ ದೂರ ಕೂತಿರುವುದು ಬೇಜವಾಬ್ದಾರಿಯಿಂದಲೋ, ಹೊಲಿಗೆ ನೋವಿನಿಂದಲೋ, ಮುಟ್ಟಿದರೆ ಮಗುವಿಗೆ ಏನಾಗುತ್ತದೋ ಅನ್ನುವ ಭಯದಿಂದಲೋ? ಇಷ್ಟು ತಿಳಿದ ಮೇಲೆ ಬೇಕಾದರೆ ಕಣ್ಣು ಮುಚ್ಚಿ.

ಇನ್ನು ತರ್ಕದ ಬಗ್ಗೆಯೂ ಒಂದು ಎಚ್ಚರ. ಕಾರಣ ಕೊಡುವುದು ಸುಲಭ. ನಿಜವಾದ ಕಾರಣ ಕೊಡುವುದು ಕಷ್ಟ. 1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮತಿ ವಿಲ್ಸನ್ ಒಂದು ಪ್ರಯೋಗವನ್ನು ವಿವರಿಸಿದರು. ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಅಂತ ಬಂದವರನ್ನು ಕೇಳಿದರು. ಬಲತುದಿಯದ್ದನ್ನು ಆರಿಸಿದವರೇ ಜಾಸ್ತಿ. ಯಾಕೆ ಅಂದರೆ ನೂಲು ಚೆನ್ನಾಗಿದೆ, ನೇಯ್ಗೆ ಚೆನ್ನಾಗಿದೆ ಅಂದರು. ನಾಲ್ಕೂ ಒಂದೇ ಆಗಿದ್ದವು. ಇಟ್ಟ ಜಾಗದಿಂದ ಹಾಗೆ ಆರಿಸಿದಿರಾ ಅಂದರೆ ಹೆಚ್ಚುಕಡಿಮೆ ಯಾರೂ ಒಪ್ಪಲಿಲ್ಲ. ನಾವು ಕೊಡುವ ಕಾರಣ ಎಷ್ಟೋ ಸಲ ಹೀಗೇ, ನಿರ್ಧಾರ ಆದ ಮೇಲೆ ಹೊಲಿದ ಅಂಗಿ. ‘ನಾನು ಹೊಟ್ಟೆ ಉಬ್ಬಿದ್ದು ನೋಡಿದೆ’ ಅಂತ ನಿಮಗೆ ಈಗ ಅನ್ನಿಸಬಹುದು. ಬೆಳಗ್ಗೆ ರಿಪೋರ್ಟ್ ಬಂದ ಮೇಲೆ ಹುಟ್ಟಿದ ನೆನಪೂ ಅದಾಗಿರಬಹುದು. ಅದಕ್ಕೇ ಬರೆದಿಡಬೇಕು. ಉತ್ತರ ಗೊತ್ತಾಗುವ ಮೊದಲೇ ಬರೆದಿಡಬೇಕು.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮಗುವಿನ ಹೆಸರು, ನಂಬರ್ ಏನೂ ಬೇಡ. ತಾರೀಕು, ಗಂಟೆ, ಏನು ಕಂಡಿತು, ಏನು ಆಗಬಹುದು ಅನ್ನಿಸಿತು, ನೂರಕ್ಕೆ ಎಷ್ಟು ಗಟ್ಟಿಯಾಗಿ ಅನ್ನಿಸಿತು. ಎರಡು ದಿನ ಬಿಟ್ಟು ಪಕ್ಕದಲ್ಲಿ ಏನಾಯಿತು ಅಂತ ಬರೆಯಿರಿ. ಸುಳ್ಳಾದದ್ದನ್ನು ಖಂಡಿತ ಬರೆಯಿರಿ. ನಮ್ಮ ಮನಸ್ಸು ನಿಜವಾದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ನಾಲ್ಕೈದು ತಿಂಗಳಲ್ಲಿ ನಿಮ್ಮ ಕಣ್ಣು ಯಾವುದರಲ್ಲಿ ಹರಿತ, ಯಾವುದರಲ್ಲಿ ಮೊಂಡು ಅಂತ ನಿಮಗೇ ಕಾಣಿಸುತ್ತದೆ. ಹನ್ನೆರಡು ಗಂಟೆ ಡ್ಯೂಟಿಯ ಕೊನೆಯಲ್ಲಿ ಅನ್ನಿಸಿದ್ದಕ್ಕೂ ಮೊದಲ ಎರಡು ಗಂಟೆಯಲ್ಲಿ ಅನ್ನಿಸಿದ್ದಕ್ಕೂ ವ್ಯತ್ಯಾಸ ಇದೆಯಾ ಅಂತಲೂ ನೋಡಿ.

ಜಾಗ ಬದಲಾದಾಗ ಮಾತ್ರ ಬಹಳ ಎಚ್ಚರ ಬೇಕು. ಒಂದು ವರ್ಷ ನಾವು ಬೇರೆ ಕಡೆಯಿಂದ ಬೆಲ್ಲ ತಂದಿದ್ದೆವು. ಬಣ್ಣ ಬೇರೆ, ನೊರೆ ಬೇರೆ. ಅಮ್ಮ ಎಂದಿನ ಹಾಗೆ ‘ಬಂತು’ ಅಂದಳು. ಹನಿ ಬಟ್ಟಲಿನಲ್ಲಿ ಮೆತ್ತಗೆ ಕೂತಿತು. ಅಮ್ಮ ಏನೂ ಮಾತಾಡದೆ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು, ಆ ವರ್ಷ ಪ್ರತಿ ಸಲವೂ ಎರಡು ಮೂರು ಹನಿ ಬಿಟ್ಟು ನೋಡಿದಳು. ನಿಮ್ಮನ್ನು ನಾಳೆ ದೊಡ್ಡವರ ಐಸಿಯುಗೆ ಹಾಕಿದರೆ ನಿಮ್ಮ ಒಂಬತ್ತು ವರ್ಷದ ಕಣ್ಣು ಅಲ್ಲಿ ಹಾಗೇ ನಡೆಯುವುದಿಲ್ಲ.

ಡಾಕ್ಟರ ಜೊತೆ ಮಾತಾಡುವ ಬಗ್ಗೆ. ‘ಯಾಕೋ ಸರಿ ಇಲ್ಲ’ ಅನ್ನುವುದನ್ನು ಸುಳ್ಳು ಮಾತು ಅಂತ ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ 1990ರ ದಶಕದಲ್ಲೇ ತುರ್ತು ತಂಡಗಳು ಬಂದವು. ಯಾವಾಗ ಆ ತಂಡವನ್ನು ಕರೆಯಬಹುದು ಅನ್ನುವ ಪಟ್ಟಿಯಲ್ಲಿ ಉಸಿರು, ನಾಡಿ, ರಕ್ತದೊತ್ತಡದ ಜೊತೆ ಇನ್ನೊಂದು ಸಾಲು ಇತ್ತು. ಬೇರೆ ಯಾವುದೂ ಹೊಂದದಿದ್ದರೂ ರೋಗಿಯ ಬಗ್ಗೆ ನಿಮಗೆ ನಿಜವಾಗಿ ಆತಂಕ ಆಗಿದ್ದರೆ ಕರೆಯಿರಿ ಅಂತ. ಆ ಸಾಲು ನಮ್ಮ ಎಲ್ಲ ಆಸ್ಪತ್ರೆಗಳ ಗೋಡೆಯ ಮೇಲೂ ಇರಬೇಕು ಅಂತ ನನ್ನ ಆಸೆ. ಅದು ಬರುವವರೆಗೆ ನಿಮ್ಮ ಆತಂಕಕ್ಕೆ ನೀವೇ ಮಾತು ಕೊಡಬೇಕು. ಮಗು ಯಾವುದು, ಹಿನ್ನೆಲೆ ಏನು, ನಿಮಗೆ ಏನು ಅನ್ನಿಸುತ್ತದೆ, ಡಾಕ್ಟರಿಂದ ಏನು ಬೇಕು, ಈ ನಾಲ್ಕನ್ನು ಇದೇ ಸಾಲಿನಲ್ಲಿ ಹೇಳುವ ಪದ್ಧತಿ ಇದೆ. ಅಮೆರಿಕದ ನೌಕಾಪಡೆಯಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದದ್ದು. ನಿಮ್ಮ ಆ ರಾತ್ರಿಗೆ ಹೊಂದಿಸಿ ಬರೆದರೆ ಹೀಗಿರಬಹುದು:

‘ಸರ್, ಮೂರನೇ ವಾರ್ಮರಿನ ಮಗು. 29 ವಾರಕ್ಕೆ ಹುಟ್ಟಿದ್ದು, ಇವತ್ತಿಗೆ ಒಂಬತ್ತು ದಿನ. ಸಂಜೆವರೆಗೂ ಫೀಡ್ ಚೆನ್ನಾಗಿ ತಗೊಳ್ತಿತ್ತು. ಹನ್ನೆರಡು ಗಂಟೆ ಫೀಡಿಗೆ ಮುಂಚೆ ನೋಡಿದ್ರೆ ಹೊಟ್ಟೇಲಿ ಹಾಲು ಉಳಿದಿತ್ತು. ಮುಟ್ಟಿದ್ರೆ ಮೊದಲಿನ ಹಾಗೆ ಕೈಕಾಲು ಎಳ್ಕೊಳ್ತಿಲ್ಲ. ಎರಡು ಗಂಟೆಯಲ್ಲಿ ಎರಡು ಸಲ ವಾರ್ಮರ್ ಜಾಸ್ತಿ ಮಾಡಬೇಕಾಯ್ತು. ನಂಬರ್ ಎಲ್ಲ ನಾರ್ಮಲ್ ಇದೆ. ಆದ್ರೂ ನಂಜಿನ ಶುರು ಇರಬಹುದು ಅನ್ನಿಸ್ತಿದೆ. ಒಂದ್ಸಲ ಬಂದು ನೋಡಿ ಸರ್. ಕಲ್ಚರ್ ಕಳಿಸೋದಾ ಹೇಳಿ.’

ಇದಕ್ಕೆ ‘ಏನು ಪ್ರಾಬ್ಲಂ’ ಅನ್ನುವುದು ಯಾವ ಡಾಕ್ಟರಿಗೂ ಸುಲಭ ಅಲ್ಲ. ಹೇಳುವ ಮೊದಲು ಮಗುವಿನ ಪಕ್ಕ ಒಂದು ನಿಮಿಷ ನಿಂತು, ನಾನು ನಮ್ಮಮ್ಮನಿಗೆ ಕೇಳಿದ ಪ್ರಶ್ನೆಯನ್ನೇ ತಿರುಗಿಸಿ ಕೇಳಿಕೊಳ್ಳಿ. ಈ ಮಗು ಚೆನ್ನಾಗಿದ್ದಿದ್ದರೆ ಈಗ ಏನು ಮಾಡುತ್ತಿತ್ತು? ಅದರಲ್ಲಿ ಈಗ ಏನು ಇಲ್ಲ? ಮಾತು ಅಲ್ಲಿಂದ ಸಿಗುತ್ತದೆ.

ಕೊನೆಗೆ ಆ ಹುಡುಗಿಯರು. ‘ಅಕ್ಕ, ಹೇಗೆ ಗೊತ್ತಾಗುತ್ತೆ’ ಅಂದರೆ ಉತ್ತರ ಹೇಳಲು ಹೋಗಬೇಡಿ. ಯಾವುದಾದರೂ ಮಗುವಿನ ಬಗ್ಗೆ ನಿಮಗೆ ಏನೋ ಅನ್ನಿಸಿದಾಗ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಅವರು ಬರುವಷ್ಟರಲ್ಲಿ ಎರಡು ನಿಮಿಷ ಸಿಕ್ಕರೆ, ನಿಮಗೆ ಏನು ಅನ್ನಿಸಿತು ಅಂತ ಹೇಳದೆ ಅವಳನ್ನು ವಾರ್ಮರ್ ಪಕ್ಕ ನಿಲ್ಲಿಸಿ. ‘ಎಂಟು ಗಂಟೆಗೆ ನೋಡಿದ್ದಕ್ಕೂ ಈಗಿನದ್ದಕ್ಕೂ ಏನು ವ್ಯತ್ಯಾಸ ಕಾಣುತ್ತಿದೆ, ಹೇಳು’ ಅನ್ನಿ. ಅವಳು ಮಾನಿಟರ್ ಕಡೆ ತಿರುಗಿದರೆ ಕೈಯಿಂದ ಮೆಲ್ಲಗೆ ಮಗುವಿನ ಕಡೆ ತೋರಿಸಿ, ಸುಮ್ಮನೆ ಕಾಯಿರಿ.